ತೊಗರಿ ಚೀಲ ಕಾಣದವರ ತೊಗರಿ ವ್ಯಾಪಾರ

(ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಕಳೆದ ಸಭೆಯಲ್ಲಿ ನಮ್ಮ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ನಿಮಗೆಲ್ಲ ನೆನಪಿರಬಹುದು. "ನಾವು ಮಾರೂ ಮುಂದ ತೊಗರಿಗೆ ರೇಟು ಇರೂದಿಲ್ಲ. ಅದೇ ತೊಗರಿ ಬ್ಯಾಳಿ ಆಗಿ ಕಿರಾಣಿ ಅಂಗಡಿಗೆ ಬಂದ ಮ್ಯಾಲ ಕೈಲೆ ಮುಟ್ಟಾಕ ಆಗೂದಿಲ್ಲ. ನಡುವ ಯಾರು ಏನ್ ಮಾಡ್ತಾರ್ರೀ?" ಅಂತ ಅವರು ಕೇಳಿದರು. ಅವತ್ತು ನಾವು ಸರಿಯಾದ ಉತ್ತರ ಕೊಡಲಿಲ್ಲ. ಓದಿಕೊಂಡು ಬಂದು ಹೇಳ್ತೀವಿ ಅಂದಿದ್ದೆವು. ಇವತ್ತಿನ ಮಾತು ಅದಕ್ಕೇ.

ನಡುವೆ ಇರುವವರು ಬಹಳ ಮಂದಿ. ಅಡತಿ ಅಂಗಡಿ, ಹಮಾಲರು, ಲಾರಿ, ದಾಲ್ ಮಿಲ್, ಸಗಟು ವ್ಯಾಪಾರಿ, ಕಡೆಗೆ ಕಿರಾಣಿ ಅಂಗಡಿ. ಇವರೆಲ್ಲ ನಮ್ಮ ಕಣ್ಣಿಗೆ ಕಾಣುವವರು. ಒಂದು ಕ್ವಿಂಟಲ್ ತೊಗರಿ ಒಡೆದರೆ ಒಂದು ಕ್ವಿಂಟಲ್ ಬೇಳೆ ಬರೋದಿಲ್ಲ ಅನ್ನೋದು ಬೀಸುಕಲ್ಲು ತಿರುವಿದ ನಿಮಗೆ ಹೇಳಬೇಕಾಗಿಲ್ಲ. ಹೊಟ್ಟು, ನುಚ್ಚು ಹೋಗಿ ಮುಕ್ಕಾಲು ಭಾಗ ಉಳಿದರೆ ಹೆಚ್ಚು. ಹಾಗಾಗಿ ತೊಗರಿ ದರಕ್ಕೂ ಬೇಳೆ ದರಕ್ಕೂ ಒಂದಿಷ್ಟು ಅಂತರ ಇರೋದು ನ್ಯಾಯವೇ. ಆದರೆ ಇವರಲ್ಲದೆ ಇನ್ನೊಬ್ಬರು ಇದ್ದಾರೆ. ಅವರ ಬಳಿ ಹೊಲ ಇಲ್ಲ, ಮಿಲ್ ಇಲ್ಲ, ಅಂಗಡಿ ಇಲ್ಲ. ಒಂದು ಚೀಲವನ್ನೂ ಅವರು ಕಣ್ಣಿನಿಂದ ನೋಡಿರೋದಿಲ್ಲ. ಆದರೂ ಸಾವಿರಾರು ಚೀಲ ಕೊಳ್ಳುತ್ತಾರೆ, ಮಾರುತ್ತಾರೆ. ಇದನ್ನು ವಾಯಿದೆ ವ್ಯಾಪಾರ ಅಂತ ಕರೀತಾರೆ. ಪೇಟೆ ಭಾಷೆಯಲ್ಲಿ ಸಟ್ಟಾ.

ವಾಯಿದೆ ಅಂದರೇನು ಅಂತ ಒಂದು ಸಣ್ಣ ಉದಾಹರಣೆಯಿಂದ ನೋಡೋಣ. ಶ್ರಾವಣದಲ್ಲಿ ನಿಮ್ಮ ಹೊಲದಲ್ಲಿ ತೊಗರಿ ಇನ್ನೂ ಮೊಣಕಾಲೆತ್ತರ ನಿಂತಿದೆ. ಒಬ್ಬ ಮಿಲ್ಲಿನವನು ಬಂದು, "ಜನವರಿಯಾಗ ನಿಮ್ಮ ಹತ್ತು ಕ್ವಿಂಟಲ್ ನನಗ ಕೊಡ್ರಿ, ಇಷ್ಟಕ್ಕ ತಗೋತೀನಿ" ಅಂತ ಇವತ್ತೇ ದರ ಗೊತ್ತು ಮಾಡಿ ಚೀಟಿ ಬರೆದುಕೊಡುತ್ತಾನೆ. ಜನವರಿಯಲ್ಲಿ ದರ ಬಿದ್ದರೂ ನಿಮಗೆ ಭಯವಿಲ್ಲ, ಏರಿದರೂ ಅವನಿಗೆ ಭಯವಿಲ್ಲ. ಇಲ್ಲಿಯ ತನಕ ಯಾರಿಗೂ ಮೋಸವಿಲ್ಲ. ನಿಜ ಹೇಳಬೇಕೆಂದರೆ ಇದು ಒಳ್ಳೆಯದೇ.

ಮುಂದೆ ಆ ಚೀಟಿಯನ್ನೇ ಮಾರಬಹುದು. ಜನವರಿಯಲ್ಲಿ ದರ ಏರುತ್ತದೆ ಅಂತ ನಂಬಿದ ಮೂರನೆಯವನು ಮಿಲ್ಲಿನವನಿಂದ ಚೀಟಿ ಕೊಂಡ. ಅವನಿಂದ ನಾಲ್ಕನೆಯವನು ಕೊಂಡ. ಪೂರ್ತಿ ಹಣ ಕೊಡಬೇಕಾಗಿಯೂ ಇಲ್ಲ, ಸ್ವಲ್ಪ ಠೇವಣಿ ಇಟ್ಟರೆ ಸಾಕು. ವಾಯಿದೆ ಮುಗಿಯುವ ಮುಂಚೆ ಚೀಟಿ ದಾಟಿಸಿ ಲಾಭವನ್ನೋ ಲುಕ್ಸಾನನ್ನೋ ತಗೊಂಡು ಹೋಗುತ್ತಾರೆ. ಇಂಥವರೂ ಸ್ವಲ್ಪ ಮಂದಿ ಬೇಕು ಅಂತ ತಿಳಿದವರು ಹೇಳುತ್ತಾರೆ. ಯಾಕಂದರೆ ದರ ಬೀಳುವ ಭಯವನ್ನು ನಿಮ್ಮ ತಲೆಯಿಂದ ಇಳಿಸಿದರೆ ಇನ್ನೊಬ್ಬರು ಅದನ್ನು ಹೊರಲೇಬೇಕಲ್ಲ. ಆ ಮಾತನ್ನು ನಾವು ತಳ್ಳಿಹಾಕೋದಿಲ್ಲ. ನಮ್ಮ ತಕರಾರು ಇರುವುದು ಅತಿಯಾದಾಗ. ಹೊಲದಲ್ಲಿ ಹತ್ತು ಚೀಲ ಬೆಳೆ ಇದ್ದು ಪೇಟೆಯಲ್ಲಿ ಸಾವಿರ ಚೀಲದ ಚೀಟಿ ಓಡಾಡಿದರೆ, ಅಥವಾ ಆ ಚೀಟಿಗಳೆಲ್ಲ ಒಂದೇ ಕೈಗೆ ಸೇರಿದರೆ, ದರ ಹೊಲದ ಮಾತು ಕೇಳೋದಿಲ್ಲ.

ಒಂದೇ ಕೈಗೆ ಸೇರಿದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಉಳ್ಳಾಗಡ್ಡಿಯ ಕತೆ ಇದೆ. ದೂರದ ಕತೆ ಆದರೂ ಉಳ್ಳಾಗಡ್ಡಿ ನಮಗೆ ಹೊಸದಲ್ಲ, ಕೇಳಿರಿ. 1955ರಲ್ಲಿ ವಿನ್ಸೆಂಟ್ ಕೊಸುಗಾ ಮತ್ತು ಸ್ಯಾಮ್ ಸೀಗಲ್ ಎಂಬ ಇಬ್ಬರು ವ್ಯಾಪಾರಿಗಳು ಶಿಕಾಗೋ ಪೇಟೆಯಲ್ಲಿ ಉಳ್ಳಾಗಡ್ಡಿ ಕೂಡಿಹಾಕತೊಡಗಿದರು. ಕೊಸುಗಾ ಸ್ವತಃ ಉಳ್ಳಾಗಡ್ಡಿ ಬೆಳೆಯುವವನು. ಆ ವರ್ಷದ ಕೊನೆಗೆ ಶಿಕಾಗೋದಲ್ಲಿದ್ದ ಉಳ್ಳಾಗಡ್ಡಿಯಲ್ಲಿ ನೂರಕ್ಕೆ 98 ಪಾಲು ಇವರದೇ. 3 ಕೋಟಿ ಪೌಂಡ್, ಅಂದರೆ ಸುಮಾರು 13,600 ಟನ್. ಹತ್ತು ಟನ್ನಿನ ಲಾರಿಗಳ ಲೆಕ್ಕ ಹಾಕಿದರೆ ಸಾವಿರದ ಮುನ್ನೂರಕ್ಕೂ ಹೆಚ್ಚು ಲಾರಿ. ಆಮೇಲೆ ಅವರು ಒಳಗೊಳಗೇ ದಿಕ್ಕು ಬದಲಿಸಿದರು. ದರ ಬಿದ್ದರೆ ತಮಗೆ ಲಾಭ ಬರುವಂತೆ ವಾಯಿದೆ ಚೀಟಿ ಮಾರಿಕೊಂಡು, ಕೂಡಿಟ್ಟ ಮಾಲನ್ನೆಲ್ಲ ಪೇಟೆಗೆ ಸುರಿದರು. ಕೆಡತೊಡಗಿದ್ದ ಗಡ್ಡೆಗಳನ್ನು ಊರ ಹೊರಗೆ ಕಳಿಸಿ, ಹಸನು ಮಾಡಿಸಿ, ಮತ್ತೆ ಶಿಕಾಗೋಗೇ ತರಿಸಿದರು. ಹೊರಗಿನಿಂದ ಮಾಲು ಬರುವುದನ್ನು ನೋಡಿದ ಪೇಟೆಯವರು ಇನ್ನೂ ರಾಶಿ ರಾಶಿ ಬರುತ್ತಿದೆ ಅಂತ ತಿಳಿದರು.

1955ರ ಆಗಸ್ಟಿನಲ್ಲಿ 50 ಪೌಂಡಿನ ಚೀಲಕ್ಕೆ 2 ಡಾಲರ್ 75 ಸೆಂಟ್ ಇದ್ದ ದರ 1956ರ ಮಾರ್ಚಿನಲ್ಲಿ 10 ಸೆಂಟಿಗೆ ಬಂತು. ಖಾಲಿ ಚೀಲದ ಬೆಲೆ ಅದರೊಳಗಿನ ಉಳ್ಳಾಗಡ್ಡಿಗಿಂತ ಹೆಚ್ಚಾಯಿತು. ರೈತರು ದಿವಾಳಿ ಎದ್ದರು. ಆ ಇಬ್ಬರು ಮಾತ್ರ ಲಕ್ಷಾಂತರ ಡಾಲರ್ ಗಳಿಸಿದರು. ರೈತರ ಕೂಗು ಅಲ್ಲಿಯ ಸಂಸತ್ತಿಗೆ ಮುಟ್ಟಿತು. ಮಿಷಿಗನ್ ರಾಜ್ಯದ ಸಂಸದ, ಮುಂದೆ ರಾಷ್ಟ್ರಪತಿಯಾದ ಜೆರಾಲ್ಡ್ ಫೋರ್ಡ್ ಮುಂದಾಳಾಗಿ ತಂದ ಕಾಯ್ದೆ 1958ರಲ್ಲಿ ಪಾಸಾಯಿತು. ಅಮೆರಿಕದಲ್ಲಿ ಉಳ್ಳಾಗಡ್ಡಿಯ ವಾಯಿದೆ ವ್ಯಾಪಾರವನ್ನೇ ಆ ಕಾಯ್ದೆ ಮುಚ್ಚಿಬಿಟ್ಟಿತು.

ಹಾಗಾದರೆ ಅಲ್ಲಿ ಉಳ್ಳಾಗಡ್ಡಿ ದರ ಆಮೇಲೆ ನೆಟ್ಟಗಾಯಿತೇ? ಇಲ್ಲ. ಈಗಲೂ ಏರುತ್ತದೆ, ಇಳಿಯುತ್ತದೆ. ಮಳೆ ಹೆಚ್ಚಾದರೂ ಕಡಿಮೆಯಾದರೂ ಗಡ್ಡೆಗೆ ಕಾಯ್ದೆ ಗೊತ್ತಾಗೋದಿಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ, ಯಾಕಂದರೆ ಮುಂದೆ ನಮ್ಮ ತೊಗರಿಗೂ ಇದು ಬರುತ್ತದೆ.

ಉಳ್ಳಾಗಡ್ಡಿ ಒಂದು ಊರಿನ ಕತೆಯಾಯಿತು. ಎಣ್ಣೆಯದು ಇಡೀ ಲೋಕದ ಕತೆ. 2008ರ ಜುಲೈ 11ರಂದು ಕಚ್ಚಾ ತೈಲ ಬ್ಯಾರಲ್ಲಿಗೆ 147 ಡಾಲರ್ ದಾಟಿತು. ಅದೇ ವರ್ಷದ ಡಿಸೆಂಬರಿಗೆ 40 ಡಾಲರಿಗಿಂತ ಕೆಳಗೆ ಬಂತು. ಐದಾರು ತಿಂಗಳಲ್ಲಿ ಲೋಕದ ಜನ ಎಣ್ಣೆ ಬಳಸೋದನ್ನು ಅಷ್ಟು ಬಿಟ್ಟರೇನು? ಬಿಟ್ಟಿರಲಿಲ್ಲ. ಆ ವರ್ಷ ಆರ್ಥಿಕ ಕುಸಿತ ಬಂದದ್ದು ನಿಜ, ಮೊದಲ ಏರಿಕೆಗೆ ಚೀನಾದಂಥ ದೇಶಗಳ ಬೇಡಿಕೆ ಕಾರಣವಾಗಿದ್ದೂ ನಿಜ. ಆದರೆ ಆ ಮೇ ತಿಂಗಳಲ್ಲಿ ಮೈಕಲ್ ಮಾಸ್ಟರ್ಸ್ ಎಂಬ ಹಣಕಾಸು ನಿರ್ವಾಹಕ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಇನ್ನೊಂದು ಲೆಕ್ಕ ಇಟ್ಟ. ಪಿಂಚಣಿ ನಿಧಿಗಳಂಥ ದೊಡ್ಡ ಗಂಟಿನವರು ಎಣ್ಣೆ, ಗೋಧಿ, ಮೆಕ್ಕೆಜೋಳದ ಚೀಟಿಗಳಲ್ಲಿ ತೊಡಗಿಸಿದ ಹಣ 2003ರ ಕೊನೆಗೆ 1,300 ಕೋಟಿ ಡಾಲರ್ ಇದ್ದದ್ದು 2008ರ ಮಾರ್ಚಿಗೆ 26,000 ಕೋಟಿ ಡಾಲರ್ ಆಗಿತ್ತು ಅಂತ. ಇಪ್ಪತ್ತು ಪಟ್ಟು! ಇವರಿಗೆ ಎಣ್ಣೆ ಬೇಕಿರಲಿಲ್ಲ, ಗೋಧಿಯೂ ಬೇಕಿರಲಿಲ್ಲ. ದರ ಏರಿದ್ದು ಈ ಹಣದಿಂದಲೇ ಅಂತ ಅವನ ವಾದ. ಅದನ್ನು ಒಪ್ಪದ ಅರ್ಥಶಾಸ್ತ್ರಜ್ಞರು ಇವತ್ತಿಗೂ ಇದ್ದಾರೆ. ಪೂರ್ತಿ ಇವರದೇ ತಪ್ಪು ಅನ್ನುವಷ್ಟು ಧೈರ್ಯ ನಮಗೂ ಇಲ್ಲ. ಆದರೆ ಉರಿಯುವ ಒಲೆಗೆ ಗಾಳಿ ಊದಿದವರು ಇವರು ಅನ್ನೋದರಲ್ಲಿ ನಮಗೆ ಸಂಶಯವಿಲ್ಲ.

ಆ ಏರಿಕೆ ನಮ್ಮ ಅಡುಗೆಮನೆಗೂ ಬಂದಿತ್ತು. 2008ರ ಜೂನಿನಲ್ಲಿ ನಮ್ಮ ಕೇಂದ್ರ ಸರ್ಕಾರ ಪೆಟ್ರೋಲಿಗೆ ಲೀಟರಿಗೆ 5 ರೂಪಾಯಿ, ಡೀಸೆಲಿಗೆ 3 ರೂಪಾಯಿ, ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಡೀಸೆಲ್ ಏರಿದರೆ ಟ್ರ್ಯಾಕ್ಟರ್ ಬಾಡಿಗೆ, ಲಾರಿ ಬಾಡಿಗೆ ಎಲ್ಲವೂ ಏರುತ್ತದೆ ಅಂತ ನಿಮಗೆ ಗೊತ್ತಿದೆ.

ಇದಕ್ಕೆ ಮಿತಿ ಹಾಕಬೇಕು ಅಂತ 2010ರಲ್ಲಿ ಅಮೆರಿಕ ದೊಡ್ಡ ಕಾಯ್ದೆ ಮಾಡಿತು. ಮಿತಿ ಅಂದರೆ ಏನು? ಇದು ನಮ್ಮ ಸಂಘದಲ್ಲೇ ಇರುವ ನಿಯಮ. ಸಂಘದ ನಿಧಿಯಲ್ಲಿ ಎಷ್ಟೇ ಹಣ ಇರಲಿ, ಎಲ್ಲವನ್ನೂ ಒಬ್ಬಳಿಗೇ ಸಾಲ ಕೊಡೋದಿಲ್ಲ. ಅವಳು ಎಷ್ಟೇ ಪ್ರಾಮಾಣಿಕಳಾದರೂ ಕೊಡೋದಿಲ್ಲ. ಹಾಗೆಯೇ ಒಬ್ಬ ವ್ಯಾಪಾರಿ ಇಷ್ಟು ಚೀಟಿಗಿಂತ ಹೆಚ್ಚು ಹಿಡಿಯಬಾರದು ಅಂತ ಕಟ್ಟು ಹಾಕೋದು. ಕೇಳಲು ಇಷ್ಟು ಸರಳ. ಆದರೆ ಆ ಕಾಯ್ದೆಯಂತೆ 2011ರಲ್ಲಿ ಮಾಡಿದ ನಿಯಮವನ್ನು ದೊಡ್ಡ ವ್ಯಾಪಾರಿಗಳ ಸಂಘಟನೆಗಳು ಕೋರ್ಟಿಗೆ ಒಯ್ದವು, 2012ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಹೊಸ ನಿಯಮ ಪಾಸಾದದ್ದು 2020ರ ಅಕ್ಟೋಬರಿನಲ್ಲಿ. ಅದರ ಪ್ರಕಾರ ವಾಯಿದೆ ಮುಗಿಯುವ ತಿಂಗಳಲ್ಲಿ ಒಬ್ಬರ ಮಿತಿ, ಕೊಡಲಿಕ್ಕೆ ಸಿಗುವ ಮಾಲಿನ ನಾಲ್ಕನೇ ಒಂದು ಪಾಲನ್ನು ದಾಟುವಂತಿಲ್ಲ. ನಮಗೆ ಕೇಳಿದರೆ ನಾಲ್ಕನೇ ಒಂದು ಪಾಲೂ ಬಹಳವಾಯಿತು. ಅಷ್ಟಕ್ಕೇ ಹತ್ತು ವರ್ಷ ಹಿಡಿಯಿತು ನೋಡ್ರಿ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ 1952ರಿಂದಲೇ ಮುಂಗಡ ಕರಾರುಗಳಿಗೆ ಕಾಯ್ದೆ ಇತ್ತು. ಬಹಳ ಧಾನ್ಯಗಳ ವಾಯಿದೆ ವ್ಯಾಪಾರ ನಿಷೇಧದಲ್ಲೇ ಇತ್ತು. 2003ರಲ್ಲಿ ಬಾಗಿಲು ತೆರೆಯಿತು, ಕಂಪ್ಯೂಟರ್ ಮೇಲೆ ವ್ಯಾಪಾರ ನಡೆಸುವ ದೊಡ್ಡ ವಿನಿಮಯ ಕೇಂದ್ರಗಳು ಮುಂಬಯಿಯಲ್ಲಿ ಶುರುವಾದವು. ಕಾಳು-ಕಡಿಗಳ ದರ ಏರಿ ಗದ್ದಲವಾದಾಗ 2007ರ ಜನವರಿಯಲ್ಲಿ ತೊಗರಿ ಮತ್ತು ಉದ್ದಿನ ವಾಯಿದೆ ನಿಲ್ಲಿಸಿದರು, ಮರು ತಿಂಗಳು ಗೋಧಿ ಮತ್ತು ಅಕ್ಕಿಯದು. ದರ ಏರಿದ್ದಕ್ಕೆ ವಾಯಿದೆಯೇ ಕಾರಣವೇ ಅಂತ ನೋಡಲು ಯೋಜನಾ ಆಯೋಗದ ಸದಸ್ಯ ಅಭಿಜಿತ್ ಸೇನ್ ಅವರ ಸಮಿತಿ ಕೂತಿತು. 2008ರಲ್ಲಿ ಬಂದ ಅದರ ವರದಿ ಹೌದು ಅಂತಲೂ ಖಚಿತವಾಗಿ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ವಾಯಿದೆ ನಡೆದ ಕಾಲವೇ ಬಹಳ ಕಡಿಮೆ, ಅಷ್ಟರಿಂದ ತೀರ್ಮಾನ ಹೇಳಲಾಗದು ಅಂದಿತು.

ಮುಂದೆ 2015. ಎರಡು ವರ್ಷ ಬೆನ್ನಿಗೆ ಮಳೆ ಕೈಕೊಟ್ಟಿತ್ತು. ಅಕ್ಟೋಬರಿನಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಸಾರಿನಲ್ಲಿ ಬೇಳೆ ಹುಡುಕಬೇಕು ಅಂತ ಮಕ್ಕಳು ನಗುತ್ತಿದ್ದ ದಿನಗಳು ಅವು. ನೆನಪಿಡಿ, ಆಗ ತೊಗರಿಯ ವಾಯಿದೆ ನಿಂತು ಎಂಟು ವರ್ಷ ಆಗಿತ್ತು. ಚೀಟಿ ವ್ಯಾಪಾರ ಇರಲಿಲ್ಲ, ಆದರೂ ದರ ಏರಿತು. ಮಾಲು ಕಡಿಮೆ ಇತ್ತು ಅನ್ನೋದು ಒಂದು ಕಾರಣ. ಇದ್ದ ಮಾಲನ್ನು ಗೋದಾಮಿನಲ್ಲಿ ಕೂಡಿಟ್ಟಿದ್ದು ಇನ್ನೊಂದು. ಸರ್ಕಾರ ದಾಸ್ತಾನಿಗೆ ಮಿತಿ ಹಾಕಿ ದಾಳಿ ಮಾಡಿಸಿದಾಗ ಕೆಲವೇ ವಾರಗಳಲ್ಲಿ ದೇಶದ ಬೇರೆ ಬೇರೆ ಕಡೆ 75,000 ಟನ್ನಿಗಿಂತ ಹೆಚ್ಚು ಬೇಳೆಕಾಳು ಸಿಕ್ಕಿತು. ಚೀಟಿಯ ಸಟ್ಟಾ ಮುಚ್ಚಿದರೆ ಗೋದಾಮಿನ ಸಟ್ಟಾ ಮುಚ್ಚಿದ ಹಾಗೆ ಆಗೋದಿಲ್ಲ. ಇದು ನಮಗೆ ಆ ವರ್ಷ ತಿಳಿಯಿತು.

ಅದರ ಮರು ವರ್ಷದ್ದು ನಮ್ಮದೇ ತಪ್ಪಿನ ಕತೆ. ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕು. 2016ರ ಬಿತ್ತನೆಗೆ ಸಾಲ ಕೇಳಿ ಅರ್ಜಿಗಳು ಬಂದವು. ಪೇಟೆಯಲ್ಲಿ ತೊಗರಿ ಕ್ವಿಂಟಲಿಗೆ 10,000 ದಾಟಿ ಹೋಗಿದ್ದನ್ನು ಎಲ್ಲರೂ ನೋಡಿದ್ದರು. ಹೆಸರು, ಉದ್ದು, ಸಜ್ಜೆ ಬಿಟ್ಟು ಎಲ್ಲರೂ ತೊಗರಿಯನ್ನೇ ಬಿತ್ತಿದರು. ನಾವು ಕಾರ್ಯಕರ್ತರೂ ಬೇಡ ಅನ್ನಲಿಲ್ಲ. ಬಿತ್ತಿರಿ, ಈ ವರ್ಷ ಸಾಲ ತೀರುತ್ತದೆ ಅಂತ ನಾವೇ ಹೇಳಿದೆವು. ಮಳೆಯೂ ಚೆನ್ನಾಯಿತು. ದೇಶದಲ್ಲಿ ಹಿಂದಿನ ವರ್ಷ ಸುಮಾರು 26 ಲಕ್ಷ ಟನ್ ಇದ್ದ ತೊಗರಿ ಆ ವರ್ಷ ಸುಮಾರು 49 ಲಕ್ಷ ಟನ್ ಬೆಳೆಯಿತು. ರಾಶಿ ಮಾಡುವ ಹೊತ್ತಿಗೆ ದರ ಬೆಂಬಲ ಬೆಲೆಗಿಂತ ಕೆಳಗೆ. ಬೆಂಬಲ ಬೆಲೆ 5,050 ರೂಪಾಯಿ ಇತ್ತು. ಖರೀದಿ ಕೇಂದ್ರದ ಮುಂದೆ ಚೀಲ ಇಟ್ಟುಕೊಂಡು ದಿನಗಟ್ಟಲೆ ಕಾದವರು ಈ ಸಭೆಯಲ್ಲೇ ಇದ್ದೀರಿ. ಗೋಣಿಚೀಲ ಮುಗಿದಿದೆ, ನಾಳೆ ಬನ್ನಿ ಅಂತ ಕಳಿಸಿದ್ದೂ ನಿಮಗೆ ನೆನಪಿದೆ. ಕೆಲವರು ಬಡ್ಡಿ ಬೆಳೆಯುತ್ತದೆ ಅಂತ ಹೆದರಿ ಸಿಕ್ಕ ದರಕ್ಕೆ ಅಡತಿ ಅಂಗಡಿಗೇ ಹಾಕಿ ಬಂದರು. ಒಂದು ಸಂಘದಲ್ಲಿ ಸಾಲ ತೀರಲು ಎರಡು ವರ್ಷ ಹೆಚ್ಚು ಹಿಡಿಯಿತು. ಇಬ್ಬರು ಸದಸ್ಯೆಯರು ಮುಖ ತೋರಿಸಲಾಗದೆ ಸಂಘಕ್ಕೆ ಬರುವುದನ್ನೇ ಬಿಟ್ಟರು. ಅವರ ಮನೆಗೆ ನಾವು ಬಹಳ ಸಲ ಹೋಗಿ ಬಂದೆವು. ಒಬ್ಬರು ಮರಳಿ ಬಂದರು.

ಇಲ್ಲಿ ನಾವು ಯೋಚನೆ ಮಾಡಬೇಕಾದದ್ದು ಇದೆ. ಜೂನಿನಲ್ಲಿ ನಮ್ಮ ಕಣ್ಣ ಮುಂದೆ ಇದ್ದದ್ದು ಹಿಂದಿನ ಸುಗ್ಗಿಯ ದರ. ಮುಂದಿನ ಜನವರಿಯ ದರ ಹೇಳುವ ಪೇಟೆ ಇರಲಿಲ್ಲ, ಅದನ್ನು ಮುಚ್ಚಿದ್ದರು. ಸರಿಯಾದ ಮಿತಿಯೊಳಗೆ ವಾಯಿದೆ ಪೇಟೆ ನಡೆದಿದ್ದರೆ, ಎಲ್ಲರೂ ತೊಗರಿ ಬಿತ್ತುತ್ತಿದ್ದಾರೆ ಅನ್ನೋ ಸುದ್ದಿ ಆಗಸ್ಟಿನಲ್ಲೇ ಜನವರಿಯ ದರದಲ್ಲಿ ಕಾಣುತ್ತಿತ್ತೇನೋ. ಬಿತ್ತಿದ್ದನ್ನು ಕೀಳಲು ಆಗುತ್ತಿರಲಿಲ್ಲ, ಆದರೆ ಎಚ್ಚರ ಇರುತ್ತಿತ್ತು. ಕಾಣುತ್ತಿತ್ತು ಅಂತ ಆಣೆ ಮಾಡಿ ಹೇಳಲಾರೆವು. ಪೇಟೆಯೂ ಎಡವುತ್ತದೆ. ಆದರೂ "ಸಟ್ಟಾ ಪೂರ್ತಿ ಬಂದ್ ಮಾಡ್ರಿ" ಅಂತ ನಾವು ಒಂದು ಕಾಲಕ್ಕೆ ಕೂಗುತ್ತಿದ್ದ ಹಾಗೆ ಇವತ್ತು ಕೂಗಲಾರೆವು. 2021ರ ಡಿಸೆಂಬರಿನಲ್ಲಿ ಭತ್ತ, ಗೋಧಿ, ಕಡಲೆ, ಹೆಸರು, ಸೋಯಾ, ಸಾಸಿವೆ, ತಾಳೆ ಎಣ್ಣೆ ಈ ಏಳರ ವಾಯಿದೆಯನ್ನು ಸೆಬಿ ಒಂದು ವರ್ಷಕ್ಕೆಂದು ನಿಲ್ಲಿಸಿತು. ಆಮೇಲೆ ಆ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿದರು. ದರ ಏರಿದಾಗ ಕೊಳ್ಳುವವರನ್ನು ಸಮಾಧಾನ ಮಾಡಲು ಇದು ಸುಲಭದ ದಾರಿ. ಬೆಳೆಯುವವರ ಮಾತು ಆಗ ಯಾರ ಕಿವಿಗೂ ಬೀಳೋದಿಲ್ಲ. ನಾವು ಎರಡೂ ಹೌದಲ್ಲ? ಜನವರಿಯಲ್ಲಿ ಮಾರುವವರು, ಜುಲೈಯಲ್ಲಿ ಕೊಳ್ಳುವವರು.

ಹಾಗಾದರೆ ಏನು ಕೇಳಬೇಕು? ಮೊದಲನೆಯದು ಒಬ್ಬರ ಕೈಗೆ ಕಟ್ಟು. ವಾಯಿದೆ ಪೇಟೆಯ ಮೇಲ್ವಿಚಾರಣೆ 2015ರ ಸೆಪ್ಟೆಂಬರಿನಿಂದ ಸೆಬಿಯ ಕೈಯಲ್ಲಿದೆ. 2017ರಲ್ಲಿ ಅದು ಕೃಷಿ ಮಾಲುಗಳನ್ನು ಮೂರು ವರ್ಗ ಮಾಡಿ, ಬಹಳ ಸೂಕ್ಷ್ಮ ಅನ್ನಿಸಿದವುಗಳಲ್ಲಿ ಒಬ್ಬ ಗಿರಾಕಿ ಲಭ್ಯ ಮಾಲಿನ ನೂರಕ್ಕೆ ಕಾಲು ಪಾಲಿಗಿಂತ ಹೆಚ್ಚು ಹಿಡಿಯಬಾರದು ಅಂತ ಮಿತಿ ಹಾಕಿತು. ಶಿಕಾಗೋದ 98 ಪಾಲಿನ ಪಕ್ಕ ಈ ಕಾಲು ಪಾಲು ಇಟ್ಟು ನೋಡಿ. ಕಾಗದದ ಮೇಲೆ ಇದು ಒಳ್ಳೆಯ ನಿಯಮ. ಒಬ್ಬನೇ ಮನುಷ್ಯ ಹೆಂಡತಿ, ಅಳಿಯ, ಗುಮಾಸ್ತರ ಹೆಸರಿನಲ್ಲಿ ಹತ್ತು ಖಾತೆ ತೆಗೆದರೆ ಹಿಡಿಯುವವರು ಯಾರು ಅನ್ನೋದೇ ಪ್ರಶ್ನೆ.

ಎರಡನೆಯದು ದಾಸ್ತಾನಿನ ಲೆಕ್ಕ. 2023ರ ಜೂನಿನಲ್ಲಿ ತೊಗರಿ ಮತ್ತು ಉದ್ದಿಗೆ ಸಗಟು ವ್ಯಾಪಾರಿ 200 ಟನ್, ಚಿಲ್ಲರೆ ಅಂಗಡಿಯವರು 5 ಟನ್ ಅಂತ ಮಿತಿ ಬಂತು. ಸೆಪ್ಟೆಂಬರಿನಲ್ಲಿ ಸಗಟಿನ ಮಿತಿಯನ್ನು 50 ಟನ್ನಿಗೆ ಇಳಿಸಿದರು. ಇದು ಒಳ್ಳೆಯದು, ಆದರೆ ದರ ಏರಿದ ಮೇಲೆ ಬರುತ್ತದೆ. ಮಿಲ್ಲು, ಗೋದಾಮುಗಳಲ್ಲಿ ಎಷ್ಟು ಮಾಲಿದೆ ಅನ್ನೋದು ವರ್ಷವಿಡೀ ನಮಗೆ ತಿಳಿಯುವ ಹಾಗೆ, ಎಪಿಎಂಸಿ ಬೋರ್ಡಿನ ಮೇಲೆ ಬರೆಯುವ ಹಾಗೆ ಆಗಬೇಕು. ದರ ಬರೆಯುವ ಕಡೆ ದಾಸ್ತಾನು ಬರೆಯಲು ಏನು ಕಷ್ಟ?

ಇನ್ನೊಂದು ಮಾತು, ಇದು ಮನೆಯೊಳಗಿನದು. ಈಚೆಗೆ ಕೆಲವು ಹಳ್ಳಿಗಳಿಗೆ ಏಜೆಂಟರು ಬರುತ್ತಿದ್ದಾರೆ. ಮೊಬೈಲಿನಲ್ಲಿ ಎಣ್ಣೆ, ಬೆಳ್ಳಿ, ಹತ್ತಿಯ ವಾಯಿದೆ ಆಡಿದರೆ ತಿಂಗಳಿಗೆ ಇಷ್ಟು ಬರುತ್ತದೆ ಅಂತ ಹುಡುಗರಿಗೆ ಹೇಳುತ್ತಾರೆ. ಒಂದು ಸಂಘದಲ್ಲಿ ಎಮ್ಮೆ ಸಾಲ ಅಂತ ಪಡೆದ ಹಣ ಹೀಗೆ ಹೋಗಿದೆ. ಎಮ್ಮೆಯೂ ಇಲ್ಲ, ಹಣವೂ ಇಲ್ಲ, ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಶೇರು ಪೇಟೆಯ ವಾಯಿದೆ ಬಗ್ಗೆ ಸೆಬಿ 2024ರಲ್ಲಿ ಒಂದು ಅಧ್ಯಯನ ಹೊರಡಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಆಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಅದು ಶೇರಿನ ಲೆಕ್ಕ, ಕಾಳಿನದ್ದಲ್ಲ. ಆದರೆ ಆಟ ಅದೇ. ಮಟ್ಕಾ ಚೀಟಿ ಬರೆಯುವವನನ್ನು ಊರಿನಿಂದ ಓಡಿಸಿದ ಸಂಘಗಳು ನಮ್ಮಲ್ಲಿವೆ. ಮೊಬೈಲಿನೊಳಗೆ ಕೂತವನನ್ನು ಓಡಿಸುವುದು ಅಷ್ಟು ಸುಲಭ ಇಲ್ಲ. ಅದಕ್ಕೆ ಸಾಲ ಕೊಟ್ಟ ಮೇಲೆ ಎಮ್ಮೆ ಬಂತೇ ಅಂತ ಹೋಗಿ ನೋಡುವ ಹಳೆಯ ಪದ್ಧತಿಯನ್ನು ಬಿಡಬೇಡಿ. ಸಂಕೋಚ ಆಗುತ್ತದೆ, ಗೊತ್ತಿದೆ.

ಮೊದಲು ಪ್ರಶ್ನೆ ಕೇಳಿದ ನಮ್ಮ ಹಿರಿಯ ಸದಸ್ಯೆಗೆ ಈಗ ಉತ್ತರ ಸಿಕ್ಕಿತೋ ಇಲ್ಲವೋ, ಅವರೇ ಹೇಳಬೇಕು. ಮುಂದಿನ ತಿಂಗಳು ಒಕ್ಕೂಟದಲ್ಲಿ ಒಂದು ಠರಾವು ಮಾಡಿ ಜಿಲ್ಲಾಡಳಿತಕ್ಕೂ ನಮ್ಮ ಸಂಸದರಿಗೂ ಕಳಿಸಬೇಕು ಅಂತ ಯೋಚನೆ ಇದೆ. ತೊಗರಿಯ ವಾಯಿದೆ ಮಿತಿಯೊಳಗೆ ಬರಲಿ ಅನ್ನುವವರು ನಮ್ಮಲ್ಲಿದ್ದಾರೆ, ಬೇಡವೇ ಬೇಡ ಅನ್ನುವವರೂ ಇದ್ದಾರೆ. ನಿಮ್ಮ ನಿಮ್ಮ ಸಂಘದ ವಾರದ ಸಭೆಯಲ್ಲಿ ಮಾತಾಡಿ, ಎಷ್ಟು ಮಂದಿ ಯಾವ ಕಡೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹೊಲ ಇಲ್ಲದ, ಬರೀ ಕೊಂಡು ತಿನ್ನುವ ಸದಸ್ಯೆಯರ ಅಭಿಪ್ರಾಯವನ್ನು ಬೇರೆಯಾಗಿ ಬರೆಯಿರಿ. ಜೊತೆಗೆ ಹೋದ ಸುಗ್ಗಿಯಲ್ಲಿ ತೊಗರಿ ಮಾರಿದ ಪಟ್ಟಿ, ಈ ತಿಂಗಳು ಬೇಳೆ ಕೊಂಡ ಅಂಗಡಿ ಚೀಟಿ, ಎರಡನ್ನೂ ತರಬೇಕು. ಪಟ್ಟಿ ಕೊಡದ ಅಂಗಡಿಯಾದರೆ ದರವನ್ನಾದರೂ ನೆನಪಿನಿಂದ ಬರೆದುಕೊಂಡು ಬನ್ನಿ.